ಸೇತುವೆಯ ಒಳಗೋ ಹೊರಗೋ: ದೋಣಿಗೆ ಬರ್ತ್ ಆರಿಸುವ ಮುನ್ನ ನೋಡಬೇಕಾದ ಲೆಕ್ಕ

ಸ್ವಂತಕ್ಕೊಂದು ಹಾಯಿದೋಣಿಯನ್ನೋ ಮೋಟಾರು ಬೋಟನ್ನೋ ಕೊಂಡವರು ಅದನ್ನು ಕಟ್ಟಲು ಜಾಗ ಹುಡುಕುವಾಗ ತಿಂಗಳ ಬಾಡಿಗೆ, ನೀರು ಮತ್ತು ಕರೆಂಟಿನ ಸೌಕರ್ಯ, ರಾತ್ರಿ ಕಾವಲು, ಮನೆಯಿಂದ ಇರುವ ದೂರ ಇಷ್ಟನ್ನು ವಿಚಾರಿಸಿ ಮುಂಗಡ ಕೊಟ್ಟುಬಿಡುತ್ತಾರೆ. ಆ ಬರ್ತ್‌ನಿಂದ ತೆರೆದ ಸಮುದ್ರಕ್ಕೆ ಹೋಗುವ ದಾರಿಯಲ್ಲಿ ಎಷ್ಟು ಸೇತುವೆಗಳಿವೆ, ದೋಣಿ ಹಾದುಹೋಗಲು ಅವು ತೆರೆಯುತ್ತವೆಯೇ, ತೆರೆಯುವುದಾದರೆ ಯಾರ ಅನುಕೂಲದ ಹೊತ್ತಿಗೆ ತೆರೆಯುತ್ತವೆ ಎಂಬುದನ್ನು ಕೇಳುವವರು ಕಡಿಮೆ. ವರ್ಷದಲ್ಲಿ ದೋಣಿ ಎಷ್ಟು ಸಲ ನೀರಿಗೆ ಹೊರಡುತ್ತದೆ ಎಂಬುದನ್ನು ಬಾಡಿಗೆಗಿಂತ ಹೆಚ್ಚಾಗಿ ನಿರ್ಧರಿಸುವುದು ಈ ಉತ್ತರಗಳೇ ಎಂಬುದು ನನ್ನ ಅಭಿಪ್ರಾಯ.

ಉತ್ತರ ಕನ್ನಡದ ನದಿಗಳ ಮೇಲೆ ತೆರೆಯುವ ಸೇತುವೆ ಒಂದೂ ಇಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳನ್ನು ದಾಟುವ ಹೆದ್ದಾರಿ ಮತ್ತು ಕೊಂಕಣ ರೈಲ್ವೆ ಸೇತುವೆಗಳೆಲ್ಲ ಸ್ಥಿರವಾದವು. ಆದರೂ ಕಾರವಾರ, ಅಂಕೋಲಾ, ಹೊನ್ನಾವರದ ಕಡೆಯಿಂದ ಹಡಗಿನ ಕೆಲಸಕ್ಕೆ ಹೋಗಿ ಹೊರದೇಶದ ಬಂದರೂರುಗಳಲ್ಲಿ ನೆಲೆಸಿ, ಅಲ್ಲಿಯ ಮರೀನಾದಲ್ಲಿ (ವಿಹಾರದ ದೋಣಿಗಳನ್ನು ಬಾಡಿಗೆಗೆ ಕಟ್ಟುವ ಸಣ್ಣ ಬಂದರಿನಲ್ಲಿ) ದೋಣಿ ಇಡಬೇಕೆನ್ನುವವರು ಇದ್ದಾರೆ. ಊರಿನಲ್ಲಿಯೇ, ನದಿಯ ಒಳಗೆ ಎಲ್ಲಾದರೂ ಕಟ್ಟಿಕೊಳ್ಳೋಣ ಎನ್ನುವವರೂ ಇದ್ದಾರೆ. ಮೊದಲನೆಯವರು ತೆರೆಯುವ ಸೇತುವೆಯ ಗಡಿಯಾರಕ್ಕೆ ಹೊಂದಿಕೊಳ್ಳಬೇಕು, ಎರಡನೆಯವರು ತೆರೆಯದ ಸೇತುವೆಯ ಎತ್ತರಕ್ಕೆ. ಎರಡಕ್ಕೂ ಅಡಿಪಾಯದ ಲೆಕ್ಕ ಒಂದೇ ಆದ್ದರಿಂದ ಅಲ್ಲಿಂದಲೇ ಆರಂಭಿಸಬಹುದು.

ಎತ್ತರದ ಲೆಕ್ಕ

ಮೊದಲು ನಿಮ್ಮ ದೋಣಿಯ ಎತ್ತರವನ್ನು, ಅಂದರೆ ನೀರಿನ ಮೇಲ್ಮೈಯಿಂದ ಅತಿ ಮೇಲಿನ ತುದಿಯವರೆಗಿನ ಅಳತೆಯನ್ನು, ನೀವೇ ಅಳೆಯಬೇಕು. ತಯಾರಕರು ಕೊಟ್ಟ ಕಾಗದದಲ್ಲಿರುವ ಅಂಕಿಯನ್ನು ನಂಬಿ ಕೂರುವಂತಿಲ್ಲ, ಏಕೆಂದರೆ ಅದು ಬಹಳ ಸಲ ಹಾಯಿ ಕಟ್ಟುವ ಕೂವೆಮರದ ತುದಿಗೆ ನಿಲ್ಲುತ್ತದೆ. ಅದರ ಮೇಲೆ ಆಮೇಲೆ ಕೂರಿಸಿದ ವಿಎಚ್‌ಎಫ್ ರೇಡಿಯೋದ ಆಂಟೆನಾ, ಗಾಳಿಯ ದಿಕ್ಕು ತೋರಿಸುವ ಸಾಧನ, ದೀಪ ಇವು ಲೆಕ್ಕಕ್ಕೆ ಬಂದಿರುವುದಿಲ್ಲ. ಹಾಯಿ ಏರಿಸುವ ಹಗ್ಗಕ್ಕೆ ಅಳತೆಯ ಪಟ್ಟಿಯನ್ನು ಕಟ್ಟಿ ತುದಿಯವರೆಗೆ ಎಳೆದು, ಕೆಳಗಿನ ತುದಿಯನ್ನು ನೀರಿಗೆ ಮುಟ್ಟಿಸಿ ಓದಿಕೊಂಡು, ಮೇಲಿನ ಸಾಧನಗಳ ಎತ್ತರವನ್ನು ಕೂಡಿಸುವುದು ಸುಲಭದ ದಾರಿ. ಇಂಧನ ಮತ್ತು ಕುಡಿಯುವ ನೀರಿನ ಟ್ಯಾಂಕುಗಳು ಖಾಲಿಯಿದ್ದು ದೋಣಿ ಹಗುರವಾಗಿ ತೇಲುವಾಗಲೇ ಅಳೆಯಬೇಕು. ಆಗ ಅದು ಅತಿ ಎತ್ತರದಲ್ಲಿರುತ್ತದೆ. ಅಂದಾಜಿಗೆ ಹೇಳುವುದಾದರೆ ಮೂವತ್ತು ಅಡಿ ಉದ್ದದ ಹಾಯಿದೋಣಿಗೆ 12ರಿಂದ 14 ಮೀಟರ್, ನಲವತ್ತು ಅಡಿಯದಕ್ಕೆ 17ರಿಂದ 19 ಮೀಟರ್ ಎತ್ತರವಿರುವುದು ಸಾಮಾನ್ಯ. ಸಣ್ಣ ಕ್ಯಾಬಿನ್ನಿನ ಮೋಟಾರು ಬೋಟು ಬಹುಪಾಲು 3ರಿಂದ 5 ಮೀಟರಿನ ಒಳಗೇ ಇರುತ್ತದೆ.

ಇನ್ನು ಸೇತುವೆಯ ಅಡಿಯ ತೆರಪು, ಅಂದರೆ ನೀರಿನಿಂದ ಸೇತುವೆಯ ತಳದವರೆಗಿನ ಜಾಗ. ಹೊಸಬರು ಎಡವುವ ಜಾಗ ಇದು. ಸಮುದ್ರ ನಕ್ಷೆಯಲ್ಲಿ ನೀರಿನ ಆಳವನ್ನು ಬರೆಯುವುದು ದೊಡ್ಡ ಇಳಿತದ ಮಟ್ಟದಿಂದ. ಸೇತುವೆಯ ತೆರಪನ್ನು ಬರೆಯುವುದು ದೊಡ್ಡ ಭರತದ ಮಟ್ಟದಿಂದ, ಅಂದರೆ ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನ ಭರತಗಳ ಸರಾಸರಿ ಮಟ್ಟದಿಂದ. ಕೆಲವು ನಕ್ಷೆಗಳಲ್ಲಿ ಅತಿ ಹೆಚ್ಚಿನ ಭರತವನ್ನೇ ಆಧಾರವಾಗಿ ಹಿಡಿದಿರುತ್ತಾರೆ, ಆದ್ದರಿಂದ ನಕ್ಷೆಯ ಮೂಲೆಯಲ್ಲಿರುವ ಟಿಪ್ಪಣಿಯನ್ನು ಓದಿಯೇ ಮುಂದುವರಿಯಬೇಕು. ಎರಡೂ ಕಡೆ ಕೆಟ್ಟ ಸ್ಥಿತಿಯನ್ನೇ ಬರೆದಿರುವುದು ನಾವಿಕರ ಸುರಕ್ಷತೆಗಾಗಿ. ಆದರೆ ಒಂದೇ ಗಳಿಗೆಯಲ್ಲಿ ಎರಡೂ ಕೆಟ್ಟದಾಗಿರುವುದು ಸಾಧ್ಯವಿಲ್ಲ; ನೀರು ಇಳಿದಾಗ ಸೇತುವೆಯ ಕೆಳಗೆ ಜಾಗ ಹೆಚ್ಚುತ್ತದೆ, ತಳದಲ್ಲಿ ಆಳ ಕಡಿಮೆಯಾಗುತ್ತದೆ.

ಒಂದು ಊಹೆಯ ಉದಾಹರಣೆಯನ್ನು ತೆಗೆದುಕೊಳ್ಳೋಣ. ನಕ್ಷೆಯಲ್ಲಿ ಸೇತುವೆಯ ತೆರಪು 4.5 ಮೀಟರ್ ಎಂದಿದೆ. ಅದಕ್ಕೆ ಆಧಾರವಾದ ಭರತದ ಮಟ್ಟ 2.0 ಮೀಟರ್, ನೀವು ದಾಟಬೇಕೆಂದಿರುವ ಹೊತ್ತಿಗೆ ಭರತ-ಇಳಿತದ ಕೋಷ್ಟಕ ತೋರಿಸುವ ಮಟ್ಟ 0.8 ಮೀಟರ್. ಆಗ ನಿಜವಾದ ತೆರಪು 4.5ಕ್ಕೆ 1.2 ಕೂಡಿಸಿ 5.7 ಮೀಟರ್ ಆಗುತ್ತದೆ. ನಿಮ್ಮ ದೋಣಿ 5.0 ಮೀಟರ್ ಎತ್ತರವಿದ್ದರೆ 70 ಸೆಂಟಿಮೀಟರ್ ಉಳಿಯಿತು. ಹಿಂದಿನಿಂದ ಹೋದ ದೊಡ್ಡ ಬೋಟಿನ ಅಲೆ ಎತ್ತಿಹಾಕಿದರೂ ತಗುಲದಿರಲು ಇಷ್ಟಾದರೂ ಬೇಕು. ಈಗ ಅದೇ ದಾರಿಯ ಅತಿ ಆಳವಿಲ್ಲದ ಜಾಗದಲ್ಲಿ ನಕ್ಷೆಯ ಆಳ 1.2 ಮೀಟರ್ ಇದ್ದರೆ ಆ ಹೊತ್ತಿಗೆ ಸಿಗುವ ನೀರು 0.8 ಕೂಡಿಸಿ 2.0 ಮೀಟರ್, 1.5 ಮೀಟರ್ ಆಳಕ್ಕೆ ಇಳಿಯುವ ಕೀಲ್ (ದೋಣಿಯ ತಳದ ಏಣು) ಇದ್ದರೆ ಕೆಳಗೆ ಅರ್ಧ ಮೀಟರ್ ಮಾತ್ರ ಉಳಿಯುತ್ತದೆ. ನೀರು ಇನ್ನೂ ಇಳಿಯಲಿ, ಸೇತುವೆಯಡಿ ಆರಾಮವಾಗಿ ಹೋಗೋಣ ಎಂದು ಕಾದರೆ ಮರಳಿಗೆ ಕೂರುತ್ತೀರಿ. ಬರ್ತ್ ಆರಿಸುವ ಮೊದಲು ಈ ಎರಡೂ ಲೆಕ್ಕವನ್ನು ಒಂದು ತಿಂಗಳ ಕೋಷ್ಟಕದ ಮೇಲೆ ಮಾಡಿ ನೋಡಿದರೆ ದಿನಕ್ಕೆ ಎಷ್ಟು ತಾಸು ದಾರಿ ತೆರೆದಿರುತ್ತದೆ ಎಂಬುದು ಗೊತ್ತಾಗುತ್ತದೆ. ಸರ್ವೇ ಆಫ್ ಇಂಡಿಯಾ ಪ್ರತಿವರ್ಷ ಇಂಥ ಕೋಷ್ಟಕ ಪ್ರಕಟಿಸುತ್ತದೆ; ಭಾರತೀಯ ಕರಾವಳಿಯ ಸಮುದ್ರ ನಕ್ಷೆಗಳನ್ನು ಡೆಹರಾಡೂನಿನ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿ ಹೊರತರುತ್ತದೆ.

ಸೇತುವೆಗಿಂತ ಅಪಾಯಕಾರಿಯಾದದ್ದು ನದಿಗೆ ಅಡ್ಡವಾಗಿ ಹಾದುಹೋದ ಹೈ ಟೆನ್ಶನ್ ತಂತಿ. ಲೋಹದ ಕೂವೆಮರ ತಂತಿಗೆ ತಗುಲಬೇಕೆಂದೇನೂ ಇಲ್ಲ, ಸಮೀಪಕ್ಕೆ ಬಂದರೂ ಸಾಕು. ನಕ್ಷೆಯಲ್ಲಿ ತಂತಿಗೆ ಕೊಟ್ಟ ಸುರಕ್ಷಿತ ಎತ್ತರವನ್ನು ಭರತ ಇಳಿದಿದೆ ಎಂಬ ಕಾರಣಕ್ಕೆ ಹಿಗ್ಗಿಸಿಕೊಳ್ಳಬಾರದು.

ತೆರೆಯುವ ಸೇತುವೆಯ ಬಗೆಗಳು

ತೆರೆಯುವ ಸೇತುವೆ ಎಂದ ಮಾತ್ರಕ್ಕೆ ಎತ್ತರದ ಚಿಂತೆ ತೀರಿತು ಎಂದುಕೊಳ್ಳುವಂತಿಲ್ಲ. ಎರಡು ರೆಕ್ಕೆಗಳಾಗಿ ಮೇಲಕ್ಕೆ ಏಳುವ ಬಗೆಯದಕ್ಕೆ ಸಾಮಾನ್ಯವಾಗಿ ಮೇಲ್ಮಿತಿ ಇರುವುದಿಲ್ಲ, ಆದರೆ ರೆಕ್ಕೆಗಳು ಪೂರ್ತಿ ನೆಟ್ಟಗೆ ನಿಲ್ಲದೆ ಕಾಲುವೆಯ ಅಂಚಿನ ಮೇಲೆ ಬಾಗಿರುವುದರಿಂದ ಎತ್ತರದ ಕೂವೆಮರದವರು ನಡುವಿನಲ್ಲೇ ಸಾಗಬೇಕು. ಅಡ್ಡಕ್ಕೆ ತಿರುಗುವ ಬಗೆಯದರಲ್ಲಿ ಬಹಳ ಸಲ ನಡುಗಂಬ ನೀರಿನಲ್ಲೇ ಇದ್ದು ದಾರಿಯನ್ನು ಎರಡಾಗಿ ಸೀಳುತ್ತದೆ. ಎರಡು ಒಡಲಿನ ಅಗಲದ ಕ್ಯಾಟಮರಾನ್ ಇದ್ದವರು ಅಲ್ಲಿ ಎತ್ತರಕ್ಕಿಂತ ಅಗಲವನ್ನು ಕೇಳಬೇಕು. ನೇರವಾಗಿ ಮೇಲೇರುವ ಲಿಫ್ಟ್ ಸೇತುವೆಗೆ ಯಾವಾಗಲೂ ಒಂದು ಮೇಲ್ಮಿತಿ ಇದ್ದೇ ಇರುತ್ತದೆ.

ನಮ್ಮ ದೇಶದಲ್ಲೇ ಇದಕ್ಕೆ ಒಳ್ಳೆಯ ನಿದರ್ಶನ ತಮಿಳುನಾಡಿನ ಪಾಂಬನ್. 1914ರಲ್ಲಿ ಕಟ್ಟಿದ ಹಳೆಯ ರೈಲು ಸೇತುವೆಯ ನಡುಭಾಗ ಎರಡು ರೆಕ್ಕೆಗಳಾಗಿ ಏಳುತ್ತಿತ್ತು. ಅದರ ಬದಲಿಗೆ ಕಟ್ಟಿ 2025ರ ಏಪ್ರಿಲ್ 6ರಂದು ಉದ್ಘಾಟನೆಯಾದ ಹೊಸ ಸೇತುವೆಯಲ್ಲಿ 72.5 ಮೀಟರ್ ಉದ್ದದ ಭಾಗ ಇಡಿಯಾಗಿ 17 ಮೀಟರ್ ಮೇಲೇರುತ್ತದೆ, ಆಗ ಕೆಳಗೆ ಸಿಗುವ ತೆರಪು 22 ಮೀಟರ್. ಪಕ್ಕದಲ್ಲಿ 1988ರಿಂದ ಇರುವ ಸ್ಥಿರ ರಸ್ತೆ ಸೇತುವೆಯ ತೆರಪೂ ಅಷ್ಟೇ. ಹೀಗಾಗಿ ರೈಲು ಸೇತುವೆಯನ್ನು ಇನ್ನೂ ಮೇಲಕ್ಕೆ ಏರಿಸುವಂತೆ ಕಟ್ಟಿದ್ದರೂ ದೋಣಿಯವನಿಗೆ ಲಾಭವಿರುತ್ತಿರಲಿಲ್ಲ. ದಾರಿಯಲ್ಲಿ ಎಷ್ಟೇ ಸೇತುವೆಗಳಿರಲಿ, ಅತಿ ತಗ್ಗಿನದೊಂದೇ ಲೆಕ್ಕಕ್ಕೆ ಬರುತ್ತದೆ.

ಹೆಸರಿಗೆ ಮಾತ್ರ ತೆರೆಯುವ ಸೇತುವೆಗಳೂ ಉಂಟು. ಕೊಚ್ಚಿಯ ಹಳೆಯ ಮಟ್ಟಾಂಚೇರಿ ಸೇತುವೆಗೆ ನಡುಭಾಗವನ್ನು ಎತ್ತುವ ವ್ಯವಸ್ಥೆ ಇತ್ತು. ಈಗ ಅದು ಏಳುವುದಿಲ್ಲ. ಆದ್ದರಿಂದ ಯಾವುದೇ ಊರಿನಲ್ಲಿ ತೆರೆಯುವ ಸೇತುವೆಯನ್ನು ನಂಬಿ ಬರ್ತ್ ಹಿಡಿಯುವ ಮೊದಲು, ಕಳೆದ ವರ್ಷದಲ್ಲಿ ಅದು ನಿಜವಾಗಿ ತೆರೆದಿತ್ತೇ ಎಂದು ಮರೀನಾದವರನ್ನಲ್ಲ, ಅಲ್ಲಿ ದೋಣಿ ಕಟ್ಟಿರುವವರನ್ನು ಕೇಳುವುದು ಒಳ್ಳೆಯದು.

ಗಡಿಯಾರದ ಲೆಕ್ಕ

ಸೇತುವೆ ತೆರೆಯುವ ಕ್ರಮ ಊರಿನಿಂದ ಊರಿಗೆ ಬಹಳ ಬೇರೆಯಾಗಿರುತ್ತದೆ. ಲಂಡನ್ನಿನ ಟವರ್ ಸೇತುವೆ 30 ಅಡಿ ಅಥವಾ ಅದಕ್ಕಿಂತ ಎತ್ತರದ ಕೂವೆಮರವಿರುವ ಹಡಗಿಗೆ ಹಗಲು ರಾತ್ರಿ ಎನ್ನದೆ, ಶುಲ್ಕವಿಲ್ಲದೆ ತೆರೆಯುತ್ತದೆ, ಆದರೆ ಕನಿಷ್ಠ 24 ತಾಸು ಮೊದಲು ತಿಳಿಸಿರಬೇಕು. ಅಮೆರಿಕದ ಸಿಯಾಟಲ್‌ನಲ್ಲಿರುವ ಬ್ಯಾಲರ್ಡ್ ಸೇತುವೆ ಕೇಳಿದಾಗ ತೆರೆಯುವಂಥದು, ಆದರೆ ಕೆಲಸದ ದಿನಗಳಲ್ಲಿ ಬೆಳಿಗ್ಗೆ 7ರಿಂದ 9 ಮತ್ತು ಸಂಜೆ 4ರಿಂದ 6ರವರೆಗೆ ವಿಹಾರದ ದೋಣಿಗಳಿಗೆ ತೆರೆಯುವುದಿಲ್ಲ, ಏಕೆಂದರೆ ಅದು ಕಚೇರಿಗೆ ಹೋಗಿಬರುವ ವಾಹನಗಳ ಹೊತ್ತು. ತೆರೆಯುವ ಸೇತುವೆ ನಮ್ಮ ರೈಲ್ವೆ ಗೇಟಿನ ಹಾಗೆಯೇ ಎರಡು ದಾರಿಗಳ ನಡುವಿನ ರಾಜಿ; ಆದರೆ ಈ ರಾಜಿಯಲ್ಲಿ ವಿಹಾರದ ದೋಣಿಯ ಸರದಿ ಬಹುತೇಕ ಎಲ್ಲ ಕಡೆ ಕೊನೆಯದು. ಸರಕು ಹಡಗು ಮೊದಲು, ರೈಲಿದ್ದರೆ ರೈಲು ಅದಕ್ಕೂ ಮೊದಲು.

ಸೇತುವೆಯ ಗಡಿಯಾರವೂ ಸಮುದ್ರದ ಗಡಿಯಾರವೂ ಕೂಡಿಬರಬೇಕಾದ ಜಾಗದಲ್ಲಿ ನಿಜವಾದ ಕಷ್ಟ ಶುರುವಾಗುತ್ತದೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ, ಸೇತುವೆಯ ವೇಳಾಪಟ್ಟಿ ಸರಿಯುವುದಿಲ್ಲ. ಒಂದು ಕಲ್ಪಿತ ಮರೀನಾವನ್ನು ನೋಡೋಣ: ಸೇತುವೆ ತೆರೆಯುವುದು ಬೆಳಿಗ್ಗೆ 6, 10, ಮಧ್ಯಾಹ್ನ 3 ಮತ್ತು ಸಂಜೆ 6ಕ್ಕೆ, ಸೇತುವೆಯಿಂದ ಅಳಿವೆಯ ಮರಳದಿಣ್ಣೆಗೆ 40 ನಿಮಿಷದ ದಾರಿ, ಭರತಕ್ಕೆ ಎರಡು ತಾಸು ಮೊದಲಿನಿಂದ ಎರಡು ತಾಸು ಅನಂತರದವರೆಗೆ ಮಾತ್ರ ಆ ದಿಣ್ಣೆಯನ್ನು ದಾಟಬಹುದು. ಶನಿವಾರ ಭರತ ಮಧ್ಯಾಹ್ನ 1 ಗಂಟೆಗೆ ಇದ್ದರೆ 10ಕ್ಕೆ ಸೇತುವೆ ದಾಟಿ, ಅಳಿವೆಯ ಬಳಿ ಸ್ವಲ್ಪ ಕಾದು, 11ಕ್ಕೆ ಸಮುದ್ರಕ್ಕೆ ಇಳಿಯಬಹುದು. ಭಾನುವಾರ ಭರತ 1.50ಕ್ಕೆ; ಮಧ್ಯಾಹ್ನ 2.20ರೊಳಗೆ ಅಳಿವೆ ಹೊಕ್ಕರೆ 3ರ ಸೇತುವೆ ಸಿಗುತ್ತದೆ, ಇಲ್ಲವಾದರೆ ಒಳಗೆ ಬಂದು 6ರವರೆಗೆ ಲಂಗರು ಹಾಕಿ ಕೂರಬೇಕು. ಇದು ಸಹನೀಯ.

ಮುಂದಿನ ಶನಿವಾರಕ್ಕೆ ಭರತ ಸುಮಾರು ಆರು ತಾಸು ಸರಿದು ಸಂಜೆ 6.50ಕ್ಕೆ ಬಂದಿರುತ್ತದೆ, ಭಾನುವಾರ 7.40ಕ್ಕೆ. ಭಾನುವಾರ ಸಂಜೆ 5.40ರ ಮೊದಲು ದಿಣ್ಣೆ ದಾಟಲಾಗದು, ಸೇತುವೆಗೆ ಬರುವಷ್ಟರಲ್ಲಿ 6.20, ದಿನದ ಕೊನೆಯ ತೆರೆಯುವಿಕೆ ಮುಗಿದಿರುತ್ತದೆ. ರಾತ್ರಿ ಸೇತುವೆಯ ಹೊರಗೇ ಕಳೆದು ಸೋಮವಾರ ಬೆಳಿಗ್ಗೆ 6ಕ್ಕೆ ಬರ್ತ್ ಸೇರಬೇಕು, ಅಥವಾ ಭಾನುವಾರ ಬೆಳಗಿನ ಭರತಕ್ಕೇ ಮರಳಿ 10ರ ಹೊತ್ತಿಗೆ ಒಳಬರಬೇಕು. ಹಾಗೆ ಮಾಡಿದರೆ ವಾರಾಂತ್ಯದ ಅರ್ಧ ಹೋಯಿತು. ಅದೇ ಬರ್ತ್, ಅದೇ ಬಾಡಿಗೆ, ಆದರೆ ಒಂದು ವಾರ ಉಪಯುಕ್ತ, ಮತ್ತೊಂದು ವಾರ ಬಹುಪಾಲು ನಿರುಪಯುಕ್ತ. ವಾರಾಂತ್ಯದಲ್ಲಿ ಮಾತ್ರ ದೋಣಿ ಹತ್ತುವವರು ಈ ಲೆಕ್ಕವನ್ನು ಕಡೇಪಕ್ಷ ಒಂದು ಋತುವಿಗಾದರೂ ಬರೆದು ನೋಡಬೇಕು. ನಿವೃತ್ತರಾಗಿ ಯಾವ ದಿನ ಬೇಕಾದರೂ ಹೊರಡಬಲ್ಲವರಿಗೆ ಇದೇ ಬರ್ತ್ ಏನೂ ತೊಂದರೆ ಕೊಡದಿರಬಹುದು.

ವೇಳಾಪಟ್ಟಿಯ ಜೊತೆಗೆ ವಿಚಾರಿಸಬೇಕಾದವು ಇನ್ನಷ್ಟಿವೆ. ಎಷ್ಟು ಗಾಳಿಗೆ ಸೇತುವೆ ತೆರೆಯುವುದನ್ನು ನಿಲ್ಲಿಸುತ್ತಾರೆ ಎಂಬುದು ಅವುಗಳಲ್ಲಿ ಮುಖ್ಯ, ಏಕೆಂದರೆ ಗಾಳಿ ಹೆಚ್ಚಾದಾಗಲೇ ನಿಮಗೆ ಒಳಗೆ ಬರುವ ತುರ್ತು ಇರುತ್ತದೆ. ದುರಸ್ತಿಗಾಗಿ ವರ್ಷದಲ್ಲಿ ಎಷ್ಟು ದಿನ ಮುಚ್ಚುತ್ತಾರೆ, ಯಾವ ವಿಎಚ್‌ಎಫ್ ಚಾನೆಲ್‌ನಲ್ಲಿ ಕರೆಯಬೇಕು, ರಾತ್ರಿ ಮತ್ತು ಹಬ್ಬದ ದಿನಗಳಲ್ಲಿ ಸಿಬ್ಬಂದಿ ಇರುತ್ತಾರೆಯೇ ಎಂಬುದನ್ನೂ ಕೇಳಿ. ಕಾಯುವಾಗ ಕಟ್ಟಿಕೊಳ್ಳಲು ಸೇತುವೆಯ ಎರಡೂ ಬದಿಗೆ ಧಕ್ಕೆ (ದೋಣಿ ನಿಲ್ಲುವ ಕಟ್ಟೆ) ಇದೆಯೇ ಎಂಬುದನ್ನು ಕಣ್ಣಾರೆ ನೋಡಬೇಕು. ಧಕ್ಕೆ ಇಲ್ಲದಿದ್ದರೆ ಎಂಜಿನ್ ನಡೆಸುತ್ತಾ ಸೆಳೆತದ ವಿರುದ್ಧ ನಿಂತಲ್ಲೇ ನಿಲ್ಲಬೇಕಾಗುತ್ತದೆ. ಇಳಿತದ ಸೆಳೆತ ಹಿಂದಿನಿಂದ ತಳ್ಳುತ್ತಿದ್ದು ಸೇತುವೆ ತೆರೆಯಲು ತಡವಾದರೆ ಒಂದೇ ಎಂಜಿನ್ನಿನ ದೋಣಿಯನ್ನು ಹಿಡಿದು ನಿಲ್ಲಿಸುವುದು ದೋಣಿ ನಡೆಸುವ ಅನುಭವಿ ತಾಂಡೇಲನಿಗೂ ಸುಲಭವಲ್ಲ. ಹೊರಹೋಗುವಾಗ ಸೇತುವೆಯಿಂದ ಸಾಕಷ್ಟು ದೂರದಲ್ಲೇ ದೋಣಿಯನ್ನು ತಿರುಗಿಸಿ, ಮೂತಿಯನ್ನು ಸೆಳೆತಕ್ಕೆ ಒಡ್ಡಿ ಕಾಯುವುದು ಕ್ಷೇಮ.

ನಮ್ಮ ನದಿಗಳಲ್ಲಿ

ಇನ್ನು ಊರಿನ ಮಾತು. ಕಾರವಾರದಲ್ಲಿ ಪೂರ್ಣ ಪ್ರಮಾಣದ ಮರೀನಾ ಎನ್ನುವಂಥದ್ದು ಇಲ್ಲ. ಬರ್ತ್ ಎಂದರೆ ಧಕ್ಕೆಯ ಬದಿ, ಖಾಸಗಿ ಕಟ್ಟೆ ಅಥವಾ ಲಂಗರಿನ ಜಾಗ. ಇಲ್ಲಿಯ ಸೇತುವೆಗಳು ತೆರೆಯುವುದಿಲ್ಲವಾದ್ದರಿಂದ ಕಾಯುವ ಪ್ರಶ್ನೆಯಿಲ್ಲ, ಹೋಗುತ್ತದೆಯೋ ಇಲ್ಲವೋ ಎಂಬುದು ಮಾತ್ರ. 2016ರ ಕಾನೂನಿನಂತೆ ಕಾಳಿ 52ನೆಯ ರಾಷ್ಟ್ರೀಯ ಜಲಮಾರ್ಗ, ಶರಾವತಿ 90ನೆಯದು. ಒಳನಾಡು ಜಲಮಾರ್ಗಗಳ ವರ್ಗೀಕರಣದಲ್ಲಿ ಒಂದನೆಯ ವರ್ಗಕ್ಕೆ ಸೇತುವೆಯಡಿ 4 ಮೀಟರ್, ಎರಡನೆಯ ವರ್ಗಕ್ಕೆ 5 ಮೀಟರ್ ತೆರಪು ಕೇಳಲಾಗಿದೆ. ಇದು ಸರಕಿನ ದೋಣಿಗಳನ್ನು ಮನಸ್ಸಿನಲ್ಲಿಟ್ಟುಕೊಂಡ ಅಂಕಿ. 12 ಮೀಟರಿನ ಕೂವೆಮರವನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ನಿಮ್ಮ ದಾರಿಯ ಪ್ರತಿ ಸೇತುವೆಯ ನಿಜವಾದ ತೆರಪನ್ನು ಬಂದರು ಕಚೇರಿಯಿಂದ ಬರಹದಲ್ಲಿ ಪಡೆಯಿರಿ, ರೈಲ್ವೆ ಸೇತುವೆಯನ್ನು ಮರೆಯಬೇಡಿ. ಕಾಳಿಯಲ್ಲಿ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಹೆದ್ದಾರಿ ಸೇತುವೆ ದಾಟಿ ಮೇಲೆ ಹೋದರೆ ಕೊಂಕಣ ರೈಲ್ವೆಯದು ಎದುರಾಗುತ್ತದೆ.

ಭರತ-ಇಳಿತದ ಅಂತರ ನಮ್ಮಲ್ಲಿ ದೊಡ್ಡದಲ್ಲ, ಹುಣ್ಣಿಮೆ-ಅಮಾವಾಸ್ಯೆಗಳಲ್ಲೂ ಹೆಚ್ಚುಕಡಿಮೆ ಎರಡು ಮೀಟರಿನ ಒಳಗೇ. ಹೀಗಾಗಿ ಇಳಿತ ಕಾಯ್ದು ಸೇತುವೆಯಡಿ ನುಸುಳುವ ಉಪಾಯದಿಂದ ಸಿಗುವ ಲಾಭ ಸೀಮಿತ, ಅಷ್ಟಮಿಯ ಆಸುಪಾಸಿನಲ್ಲಿ ಅದೂ ಇಲ್ಲ. ಆದರೂ ಈ ಉಪಾಯ ದೊಡ್ಡ ಯಂತ್ರಗಳಿಗೂ ಬೇಕಾಗುತ್ತದೆ: 2024ರ ಜುಲೈ 16ರ ಶಿರೂರು ಗುಡ್ಡ ಕುಸಿತದ ಅನಂತರ ಗಂಗಾವಳಿಯ ತಳದಲ್ಲಿ ಹುಡುಕಲು ಸೆಪ್ಟೆಂಬರಿನಲ್ಲಿ ಗೋವಾದಿಂದ ತರಿಸಿದ, ಹೂಳೆತ್ತುವ ಡ್ರೆಜರನ್ನು ನೀರಿನ ಮಟ್ಟ ನೋಡಿಕೊಂಡೇ ಸೇತುವೆಗಳ ಕೆಳಗೆ ಸಾಗಿಸಬೇಕಾಯಿತು.

ಮಳೆಗಾಲದಲ್ಲಿ ಕೋಷ್ಟಕವನ್ನಷ್ಟೇ ನಂಬಿದರೆ ಸಾಲದು. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಕೊನೆಯದಾದ ಕದ್ರಾದಿಂದ ನೀರು ಬಿಟ್ಟಾಗ ಕೆಳಗಿನ ಮಟ್ಟ ಭರತದ ಲೆಕ್ಕ ಮೀರಿ ಏರುತ್ತದೆ, ಸೆಳೆತದಲ್ಲಿ ಮರದ ದಿಮ್ಮಿಗಳೂ ಬರುತ್ತವೆ. ಶರಾವತಿಗೆ ಗೇರುಸೊಪ್ಪೆಯ ಅಣೆಕಟ್ಟು ಹಾಗೆಯೇ. ಇಂಥ ದಿನಗಳಲ್ಲಿ ಸೇತುವೆಯಡಿ ದಾಟುವ ವಿಚಾರವನ್ನೇ ಬಿಡಬೇಕು. ಸೇತುವೆಗಳೂ ಬದಲಾಗುತ್ತವೆ: 2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದದ್ದು ಎಲ್ಲರಿಗೂ ಗೊತ್ತು. ಕುಸಿತ, ತೆರವು, ಹೊಸ ಕಾಮಗಾರಿ ಇವುಗಳ ನಡುವೆ ನಕ್ಷೆಯ ಅಂಕಿ ಹಳತಾಗಿಬಿಡುತ್ತದೆ. ಕಾಮಗಾರಿಗೆ ಕಟ್ಟಿದ ಅಟ್ಟಣೆ ತೆರಪನ್ನು ಇನ್ನಷ್ಟು ತಗ್ಗಿಸುತ್ತದೆ.

ನಮ್ಮ ಮೀನುಗಾರಿಕೆಯ ಮುಖ್ಯ ಧಕ್ಕೆಗಳನ್ನು ಗಮನಿಸಿ: ಬೈತಖೋಲ, ತದಡಿ, ಕಾಸರಕೋಡ ಎಲ್ಲವೂ ಹೆದ್ದಾರಿ ಸೇತುವೆಗಳಿಂದ ಸಮುದ್ರದ ಕಡೆಗೇ ಇವೆ. ಎತ್ತರದ ಕೂವೆಮರದ ಹಾಯಿದೋಣಿ ಇದ್ದವರು ಇಂಥ ಜಾಗಗಳ ಸಮೀಪವೇ ನೆಲೆ ಹುಡುಕುವುದು ಸರಿ, ಅಲ್ಲಿಯ ಇಕ್ಕಟ್ಟು ಮತ್ತು ಮೀನು ಬೋಟುಗಳ ಮೊದಲ ಹಕ್ಕನ್ನು ಒಪ್ಪಿಕೊಂಡು. ಕಾರವಾರದ ದಕ್ಷಿಣಕ್ಕೆ ಅರ್ಗಾದ ಕಡೆ ನೌಕಾನೆಲೆಯ ನಿರ್ಬಂಧಿತ ನೀರು ಇರುವುದರಿಂದ ಲಂಗರಿನ ಜಾಗ ಗೊತ್ತುಮಾಡುವ ಮುನ್ನ ಅನುಮತಿ ಅಗತ್ಯ. ಮೋಟಾರು ಬೋಟಿನವರಿಗೆ ಮಾತ್ರ ಸೇತುವೆಯ ಒಳಗಿನ ಶಾಂತ ನೀರು ನಿಜಕ್ಕೂ ಲಾಭದ್ದು.

ಹಾಯಿದೋಣಿಯವರಿಗೂ ಒಂದು ನಡುದಾರಿ ಇದೆ, ನಾನು ಅದನ್ನೇ ಶಿಫಾರಸು ಮಾಡುತ್ತೇನೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧವಿರುತ್ತದೆ. ಆ ಸಮುದ್ರಕ್ಕೆ ವಿಹಾರಕ್ಕೆಂದು ಇಳಿಯುವ ಪ್ರಶ್ನೆಯೇ ಇಲ್ಲ. ಮೇ ಮುಗಿಯುವ ಮೊದಲೇ ಕೂವೆಮರವನ್ನು ಕಳಚಿ, ದೋಣಿಯನ್ನು ಸೇತುವೆಯ ಒಳಗೆ ನೆರೆ ಮುಟ್ಟದ ದಡಕ್ಕೆ ಎಳೆದಿಟ್ಟು, ಶ್ರಾವಣದ ನಾರಳ ಹುಣ್ಣಿಮೆ ಕಳೆದು ಸಮುದ್ರ ಶಾಂತವಾದ ಮೇಲೆ ಹೊರಗಿನ ನೆಲೆಗೆ ತಂದು ಮತ್ತೆ ನಿಲ್ಲಿಸಿದರೆ ವರ್ಷಕ್ಕೆ ಎರಡು ಸಲ ಮಾತ್ರ ಸೇತುವೆಯ ತಂಟೆ. ಬುಡದಲ್ಲಿ ಮಡಚುವ ಕೂವೆಮರವಿದ್ದರೆ ಕ್ರೇನಿನ ಖರ್ಚೂ ಉಳಿಯುತ್ತದೆ.

ಕರಾರಿಗೆ ಸಹಿ ಮಾಡುವಾಗ

ಸೇತುವೆಯ ಒಳಗಿನ ಬರ್ತ್‌ಗೆ ಬಾಡಿಗೆ ಕಡಿಮೆ ಇರುವುದು ರೂಢಿ. ಆದರೆ ಎರಡೂ ಕಡೆಯ ಬಾಡಿಗೆಯನ್ನು ನೀವು ಅಲ್ಲಿಂದ ನಿಜವಾಗಿ ಹೊರಡಬಲ್ಲ ದಿನಗಳಿಂದ ಭಾಗಿಸಿ ನೋಡಿದರೆ ಕೆಲವು ಸಲ ಹೊರಗಿನ ದುಬಾರಿ ಬರ್ತ್‌ ಅಗ್ಗವೆನಿಸುತ್ತದೆ. ಸೇತುವೆ ಕೆಟ್ಟು ಹಲವು ವಾರ ತೆರೆಯದಿದ್ದರೆ ಬಾಡಿಗೆ ಕಡಿತವೋ ಹೊರಗೆ ತಾತ್ಕಾಲಿಕ ಜಾಗವೋ ಸಿಗುವಂತೆ ಕರಾರಿನಲ್ಲಿ ಬರೆಸಿಕೊಳ್ಳಬೇಕು. ಸೇತುವೆ ಮರೀನಾದವರ ಕೈಯಲ್ಲಿಲ್ಲ, ರಸ್ತೆಯವರದ್ದೋ ರೈಲ್ವೆಯವರದ್ದೋ ಆಗಿರುತ್ತದೆ, ಆದ್ದರಿಂದ ಬರಹವಿಲ್ಲದೆ ಅವರು ಹೊಣೆ ಹೊರುವುದಿಲ್ಲ. ವಿಮೆಯ ಕಾಗದದಲ್ಲಿ ಸೇತುವೆಗೆ ತಗುಲಿ ಆಗುವ ಹಾನಿ, ಸೇತುವೆಗೇ ಆಗುವ ಹಾನಿಯ ಪರಿಹಾರ ಎರಡೂ ಇವೆಯೇ ಎಂದು ಓದಿ ನೋಡಿ. ಆಮೇಲೂ ಪೂರ್ತಿ ವರ್ಷದ ಹಣ ಕಟ್ಟದೆ, ಮೊದಲು ಒಂದು ತಿಂಗಳಿಗೆ ಹಿಡಿದು, ಕೆಲಸದ ದಿನವೊಂದರಲ್ಲಿ ಮತ್ತು ಅಮಾವಾಸ್ಯೆಯ ದೊಡ್ಡ ಸೆಳೆತವಿರುವ ದಿನವೊಂದರಲ್ಲಿ ಆ ದಾರಿಯಲ್ಲಿ ಹೋಗಿಬಂದು ನಿರ್ಧರಿಸಿ.